ಚಾಮುಂಡಿ ಬೆಟ್ಟ ಹತ್ತೋರೇ, ಮೇಲಿಂದ ಕಾಣೋ ಮೈಸೂರಲ್ಲಿ ನಿಮ್ಮ ಏರಿಯಾ ಮೊದ್ಲು ಹೇಗಿತ್ತು ಹೇಳಿ

ಬೆಟ್ಟದಪಾದ
ಎಲ್ರಿಗೂ ನಮಸ್ಕಾರ. ಬೆಳಿಗ್ಗೆ ಮೆಟ್ಟಿಲು ಹತ್ತೋರು ಈ ಗುಂಪಲ್ಲಿ ಬೇಕಾದಷ್ಟು ಜನ ಇದೀರ. ಎಷ್ಟು ನಿಮಿಷಕ್ಕೆ ಹತ್ತಿದ್ರಿ, ಯಾವ ಶೂ ಹಾಕ್ಕೊಂಡ್ರಿ ಅನ್ನೋದು ಇಲ್ಲಿ ಬೇಡ, ಅದಕ್ಕೆ ಬೇರೆ ಥ್ರೆಡ್ ಇದೆ. ನಂಗೆ ಬೇಕಿರೋದು ಊರಿನ ನೆನಪು.

ಪಿಂಜರಾಪೋಲ್ ಕಡೆಯಿಂದ ಪಾದಕ್ಕೆ ಬಂದು ಹತ್ತೋಕೆ ಶುರು ಮಾಡಿದ್ರೆ ಸ್ವಲ್ಪ ಹೊತ್ತು ಬರೀ ಮರ, ಕಲ್ಲು, ನಮ್ಮ ಏದುಸಿರು ಅಷ್ಟೇ. ಆಮೇಲೆ ಒಂದೊಂದು ಕಡೆ ಮರ ಬಿಟ್ಟುಕೊಡುತ್ತೆ ನೋಡಿ, ಅಲ್ಲಿ ತಿರುಗಿ ನಿಂತ್ರೆ ಇಡೀ ಊರು ಕಾಲ ಕೆಳಗೆ. ರೇಸ್ ಕೋರ್ಸು, ಅದರಾಚೆ ಕಾರಂಜಿ ಕೆರೆ, ಅರಮನೆ ಗುಂಬಜು, ಇನ್ನೂ ಹಿಂದಕ್ಕೆ ಫಿಲೋಮಿನಾ ಚರ್ಚಿನ ಎರಡು ಗೋಪುರ, ಬಲಗಡೆ ಬೆಳ್ಳಗೆ ಲಲಿತಮಹಲ್. ಇವು ಎಲ್ರಿಗೂ ಗೊತ್ತು. ನಮ್ಮ ತಂದೆ ಜೊತೆ ಹತ್ತುವಾಗ ಅವ್ರು ತೋರಿಸ್ತಿದ್ದದ್ದು ಇದನ್ನಲ್ಲ, ಇದರ ಮಧ್ಯ ಇರೋದನ್ನ. ಅಗೋ ಅಲ್ಲಿ ಕೆರೆ ಇತ್ತು, ಇಗೋ ಇಲ್ಲಿ ಗದ್ದೆ ಇತ್ತು, ಆ ತೋಪು ಇಂಥೋರದ್ದು ಅಂತ ಬೆರಳು ಮಾಡಿ ಹೇಳೋರು. ಈಗ ಅವ್ರಿಗೆ ಮಂಡಿ ಕೈ ಕೊಟ್ಟಿದೆ, ಮೇಲಕ್ಕೆ ಬರೋಕಾಗಲ್ಲ. ಅವರ ಸ್ನೇಹಿತರಲ್ಲೂ ಹತ್ತೋರು ಯಾರೂ ಉಳಿದಿಲ್ಲ. ಅರಮನೆ ಇತಿಹಾಸ ಪುಸ್ತಕದಲ್ಲಿ ಸಿಗುತ್ತೆ, ಮೊಹಲ್ಲಾದ್ದು, ಬೀದೀದು ಎಲ್ಲಿ ಸಿಗುತ್ತೆ? ಗೊತ್ತಿರೋರು ಬರೀರಿ, ದಯವಿಟ್ಟು. ಚಿಕ್ಕದಾದ್ರೂ ಪರವಾಗಿಲ್ಲ.

ಅಗ್ರಹಾರದ ಹಳಬ
ಒಳ್ಳೆ ವಿಷಯ ಎತ್ತಿದೀರಿ. ಕೆರೆ ವಿಷಯದಿಂದಲೇ ಶುರು ಮಾಡ್ತೀನಿ. ಬೆಟ್ಟದ ಮೇಲಿಂದ ಅರಮನೆ ಪಕ್ಕಕ್ಕೆ ದಸರಾ ವಸ್ತುಪ್ರದರ್ಶನದ ಮೈದಾನ ಕಾಣುತ್ತಲ್ಲ, ಅದು ದೊಡ್ಡಕೆರೆ. ನಿಜವಾಗ್ಲೂ ನೀರು ತುಂಬಿದ್ದ ಕೆರೆ. ಆಸ್ಪತ್ರೆ ಕಡೆ ಬಂದ್ರೆ ಜೆ.ಕೆ. ಗ್ರೌಂಡ್ಸು, ಅದು ಜೀವನರಾಯನಕಟ್ಟೆ. ಸುಬ್ಬರಾಯನಕೆರೆಯಲ್ಲಿ ಸ್ವಾತಂತ್ರ್ಯ ಚಳವಳಿ ಕಾಲದ ಸಭೆಗಳೆಲ್ಲ ನಡೆದಿದ್ದು, ಅಲ್ಲೂ ಈಗ ಪಾರ್ಕಿದೆ, ನೀರಿಲ್ಲ. ಊರ ಮಧ್ಯದಲ್ಲೇ ಮೂರು ಕೆರೆ ಮೈದಾನ ಆಗಿವೆ, ಮಕ್ಕಳಿಗೆ ಇದು ಗೊತ್ತೇ ಇಲ್ಲ. ಮಳೆ ಜೋರಾದ್ರೆ ತಗ್ಗಿನಲ್ಲಿ ನೀರು ಯಾಕೆ ನಿಲ್ಲುತ್ತೆ ಅಂತ ಕೇಳ್ತಾರೆ, ನೀರು ಇನ್ನೆಲ್ಲಿಗೆ ಹೋಗ್ಬೇಕು ಹೇಳಿ.

ಇನ್ನೊಂದು ವಿಷಯ. ಮೇಲಿಂದ ನೋಡಿದ್ರೆ ಚಾಮರಾಜಪುರಂ, ಲಕ್ಷ್ಮೀಪುರಂ ಈ ಕಡೆ ಬೀದಿಗಳು ನೇರಕ್ಕೆ ಇವೆ, ಮರದ ಸಾಲೇ ಹೇಳುತ್ತೆ. ಕೋಟೆ ಸುತ್ತಮುತ್ತ, ಮಂಡಿ ಮೊಹಲ್ಲಾ ಕಡೆ ಒತ್ತೊತ್ತಾಗಿದೆ. ಇದಕ್ಕೆ ಕಾರಣ ಪ್ಲೇಗು. 1897ರಲ್ಲಿ ರಾಜಕುಮಾರಿ ಮದುವೆ ಸಮಯದಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯ್ತು, ಅದರ ಹಿಂದೆನೇ ಪ್ಲೇಗು ಬಂತು. ನಮ್ಮ ತಾತ ಹೇಳೋರು, ಮನೆ ಬಿಟ್ಟು ಊರಾಚೆ ಸೋಗೆ ಗುಡಿಸಲಲ್ಲಿ ತಿಂಗಳುಗಟ್ಟಲೆ ಇದ್ರಂತೆ, ಇಲಿ ಬಿದ್ರೆ ಸಾಕು ಬೀಗ ಹಾಕ್ಕೊಂಡು ಹೊರಡೋದು. 1903ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿ ಗಾಳಿ ಬೆಳಕು ಬರೋ ಹಾಗೆ ಅಗಲ ಬೀದಿ ಬಿಟ್ಟು ಹೊಸ ಬಡಾವಣೆ ಕಟ್ಟಿದ್ರು. ಮನೆ ಹಿತ್ತಿಲ ಬಾಗಿಲಾಚೆ ಒಂದು ಗಲ್ಲಿ ಬಿಡೋರು, ಕನ್ಸರ್ವೆನ್ಸಿ ಅಂತ. ನಾವು ಅಲ್ಲೇ ಗೋಲಿ ಆಡಿದ್ದು, ಬುಗುರಿ ಆಡಿದ್ದು. ಈಗ ಅರ್ಧಕ್ಕರ್ಧ ಗಲ್ಲಿ ಕಾಂಪೌಂಡ್ ಒಳಗೆ ಸೇರ್ಕೊಂಡಿವೆ.

ಯಾದವಗಿರಿ ಹುಡುಗಿ
ನಮ್ಮಪ್ಪ ಜಾವಾ, ಯೆಜ್ಡಿ ಬೈಕ್ ಮಾಡೋ ಐಡಿಯಲ್ ಜಾವಾ ಕಂಪನೀಲಿ ಕೆಲಸದಲ್ಲಿದ್ರು. ಯಾದವಗಿರಿ ಫ್ಯಾಕ್ಟರಿ 60ರಲ್ಲಿ ಶುರುವಾಗಿ 96ರಲ್ಲಿ ಮುಚ್ಚಿದ್ದು. ಭಾನುವಾರ ಅಪ್ಪ ನನ್ನ ಯೆಜ್ಡಿ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಬೆಟ್ಟದ ಪಾದಕ್ಕೆ ಬಂದು ಗಾಡಿ ನಿಲ್ಸಿ ಮೆಟ್ಟಿಲು ಹತ್ತಿಸೋರು. ಅವರ ಜೊತೆ ಕೆಲಸದೋರೂ ಬರೋರು, ಎಲ್ಲರದ್ದೂ ಜಾವಾ ಇಲ್ಲ ಯೆಜ್ಡಿ, ಬೇರೆ ಗಾಡಿ ತಗೊಂಡೋರನ್ನ ನಾನು ನೋಡೇ ಇಲ್ಲ. ಇಳಿದು ಬಂದ ಮೇಲೆ ಸಾಲಾಗಿ ನಿಂತಿರೋ ಗಾಡಿಗಳನ್ನ ಒಂದಾದ ಮೇಲೊಂದು ಕಿಕ್ ಹೊಡೀತಿದ್ರು, ಯಾವ ಗಾಡಿ ಸೌಂಡ್ ಸರಿಯಿಲ್ಲ ಅಂತ ಅಪ್ಪ ಕಿವಿಯಲ್ಲೇ ಹೇಳೋರು, ಅಲ್ಲೇ ರೋಡಲ್ಲೇ ಪ್ಲಗ್ ಬಿಚ್ಚಿ ಬನಿಯನ್ ಬಟ್ಟೇಲಿ ಒರೆಸಿ, ಗ್ಯಾಪು ಬೆರಳ ಉಗುರಲ್ಲಿ ನೋಡಿ ಮತ್ತೆ ಹಾಕೋರು. ಆ ಆಯಿಲ್ ಹೊಗೆ ವಾಸನೆ ನಂಗೆ ಬೆಟ್ಟದ ವಾಸನೆ ಅಂತಲೇ ಇರೋದು.

ಫ್ಯಾಕ್ಟರಿ ಮುಚ್ಚಿದ ಮೇಲೂ ಅಪ್ಪ ಬೆಟ್ಟ ಬಿಡಲಿಲ್ಲ. ಮೇಲೆ ನಿಂತು ಯಾದವಗಿರಿ ಕಡೆ ಮಾತ್ರ ನೋಡ್ತಿರಲಿಲ್ಲ. ಇವತ್ತಿಗೂ ಮೈಸೂರಲ್ಲಿ ಹಳೇ ಜಾವಾ ಇಟ್ಕೊಂಡು ಸಾಕ್ತಿರೋರು ಎಷ್ಟು ಜನ ಇದಾರೆ, ಅವರ ಗಾಡೀಲಿ ಕೈಯಾಡಿಸಿದೋರ ಹೆಸರು ಎಲ್ಲೂ ಇಲ್ಲ. ಅದಕ್ಕೇ ಬರೆದೆ.

ಕಪಿಲಾ ತೀರ
ನಾನು ನಂಜನಗೂಡಿನವನು. ನಮಗೆ ಬೆಟ್ಟ ಹಿಂದಿನಿಂದ ಕಾಣೋದು, ಊರವರಿಗೆ ಕಾಣೋ ಮುಖವೇ ಬೇರೆ ನಮಗೆ ಕಾಣೋ ಮುಖವೇ ಬೇರೆ. ಕಾಲೇಜಿಗೆ ಮೀಟರ್ ಗೇಜ್ ಟ್ರೈನಲ್ಲಿ ಬರ್ತಿದ್ವಿ. ನಂಜನಗೂಡು ಲೈನು 1891ರದ್ದು. ಕಪಿಲಾ ಮೇಲಿನ ಹಳೇ ಸೇತುವೆ ಅದಕ್ಕೂ ಹಿಂದಿನದು, 1735ರಲ್ಲಿ ದಳವಾಯಿ ಕಟ್ಟಿಸಿದ್ದು, ಅದರ ಮೇಲೇ ರೋಡೂ ರೈಲೂ ಎರಡೂ. ರೈಲು ಸೇತುವೆ ದಾಟುವಾಗ ನಿಧಾನಕ್ಕೆ ತೆವಳ್ತಾ ಹೋಗೋದು, ಆಗ ಕಿಟಕೀಲಿ ಬೆಟ್ಟ ಕಂಡ್ರೆ ಅಜ್ಜಿಯಂದಿರೆಲ್ಲ ಕೂತಲ್ಲೇ ಕೈ ಮುಗಿಯೋರು. ಚಾಮರಾಜಪುರಂ ಸ್ಟೇಷನ್ನಲ್ಲಿ ಇಳಿದ್ರೆ ಕಾಲೇಜು ಹತ್ರ. ಮಹಾರಾಜ ಕಾಲೇಜು, ಯುವರಾಜ ಕಾಲೇಜು ಹುಡುಗರೆಲ್ಲ ಅಲ್ಲೇ ಇಳಿಯೋದು, ಮೇನ್ ಸ್ಟೇಷನ್ ತನಕ ಹೋಗೋರು ಸಂತೆಗೆ ಬಂದೋರು, ರಸಬಾಳೆ ಗೊನೆ ತಂದೋರು.

ಈಗ ಬ್ರಾಡ್ ಗೇಜ್ ಆಗಿದೆ, ಹೊಸ ಸೇತುವೆ ಆಗಿದೆ, ಬೇಗ ಬರಬಹುದು, ಒಳ್ಳೇದೇ. ಆದ್ರೆ ಆ ಹಳೇ ಸೇತುವೆ ಮೇಲೆ ಒಂದ್ಸಲ ನಡೆದು ನೋಡಿ, ಸಣ್ಣ ಸಣ್ಣ ಕಮಾನು, ಚಪ್ಪಟೆ ಕಲ್ಲು. ನಂಜನಗೂಡಿಗೆ ದೇವಸ್ಥಾನಕ್ಕೆ ಅಂತ ಬಂದು ಅದನ್ನ ನೋಡದೆ ವಾಪಸ್ ಹೋಗೋರೇ ಜಾಸ್ತಿ.

ಬೆಟ್ಟದಪಾದ
ಯಾದವಗಿರಿ ಮೇಡಂ, ನಿಮ್ಮ ತಂದೆಯವರ ಬಗ್ಗೆ ಇನ್ನೂ ಬರೀರಿ, ಯಾವ ಸೆಕ್ಷನ್ನಲ್ಲಿದ್ರು, ಶಿಫ್ಟ್ ಹೇಗಿತ್ತು, ಏನೇ ನೆನಪಿದ್ರೂ. ಅಗ್ರಹಾರ ಸರ್, ಕನ್ಸರ್ವೆನ್ಸಿ ಅಂದ್ರಲ್ಲ, ನಮ್ಮ ಮನೆ ಹಿಂದೆ ಇನ್ನೂ ಒಂದು ಉಳಿದಿದೆ. ಆ ಗಲ್ಲಿ ಯಾಕೆ ಬಿಟ್ಟಿದ್ದು ಅಂತ ಬೀದಿಯ ಈಗಿನ ಮಕ್ಕಳನ್ನ ಕೇಳಿದ್ರೆ ಡ್ರೈನೇಜಿಗೆ ಅಂತಾರೆ.

ಜ್ಯೋತಿನಗರ ಅಲ್ಲ ಆಚೆ
ನಾನು ಹೇಳ್ತೀನಿ ಆ ಗಲ್ಲಿ ಯಾಕೆ ಬಿಟ್ಟಿದ್ದು ಅಂತ. ನಮ್ಮಜ್ಜಿಗೋಸ್ಕರ ಬಿಟ್ಟಿದ್ದು. ಮುಂದಿನ ಬಾಗಿಲಲ್ಲಿ ಅವಳು ಕಾಣಬಾರದು ಅಂತ. ಬೆಳಕು ಹರಿಯೋಕೆ ಮುಂಚೆ ಆ ಗಲ್ಲೀಲಿ ಬಂದು, ಹಿಂದಿನ ಕಂಡಿಯಿಂದ ಒಣ ಕಕ್ಕಸಿನದ್ದನ್ನ ಬಾಚಿ ಬಕೀಟಿಗೆ ತುಂಬಿ, ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ಲು. ಮಳೆಗಾಲದಲ್ಲಿ ಬಕೀಟು ಸೋರಿ ಮುಖದ ಮೇಲೆ ಇಳಿಯೋದು. ಸೀರೆ ಸೆರಗನ್ನ ಸಿಂಬಿ ಮಾಡಿ ಇಟ್ಕೊಳ್ಳೋಳು, ಆ ಸೀರೆ ಮನೆ ಒಳಗೆ ತರ್ತಿರಲಿಲ್ಲ, ಹೊರಗೇ ಬಿಚ್ಚಿ ಹೊರಗೇ ಸ್ನಾನ. ಊರಿನ ಗಾಳಿ ಬೆಳಕು, ನೇರ ಬೀದಿ, ಪ್ಲಾನಿಂಗು ಎಲ್ಲಾ ಹೇಳ್ತೀವಿ, ಆ ಪ್ಲಾನ್ ನಡೆಯೋಕೆ ಇಂಥೋರು ಬೇಕಿತ್ತು ಅನ್ನೋದನ್ನೂ ಬರೀಬೇಕು. 70ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧ ಮಾಡಿದ್ರು. ನಮ್ಮಜ್ಜಿ ಸಾಯೋ ತನಕ ಅವರ ಫೋಟೋಗೆ ಹೂ ಇಟ್ಟಳು.

ಅಜ್ಜಿ ವರ್ಷಕ್ಕೊಂದ್ಸಲ ಆಷಾಢದಲ್ಲಿ ಬೆಟ್ಟಕ್ಕೆ ಬರೋಳು, ಮೆಟ್ಟಿಲಲ್ಲೇ. ಮೇಲೆ ಕೂತು ಊರು ತೋರಿಸಿ ಅವಳು ಹೇಳ್ತಿದ್ದದ್ದು ಕೆರೆ ಅಲ್ಲ ಅರಮನೆ ಅಲ್ಲ. ಈ ಗಲ್ಲಿಯಿಂದ ಆ ಗಲ್ಲಿಗೆ ಎಷ್ಟು ಮನೆ, ಯಾವ ಮನೆಯವರು ಬೇಸಿಗೇಲಿ ನೀರು ಕೊಡೋರು, ಯಾವ ಮನೆಯವರು ಕೊಡ್ತಿರಲಿಲ್ಲ, ಇದು. 2016ರಲ್ಲಿ ಮೈಸೂರಿಗೆ ದೇಶದಲ್ಲೇ ಸ್ವಚ್ಛ ನಗರ ಅಂತ ಬಂದಾಗ ಎಲ್ರೂ ಹಂಚಿಕೊಂಡ್ರಿ, ನಾನೂ ಹಂಚಿಕೊಂಡೆ. ಅವಳೂ ಇದ್ದಿದ್ರೆ ಅಂತ ಅನ್ನಿಸ್ತು.

ಅಗ್ರಹಾರದ ಹಳಬ
ಅಮ್ಮಾ, ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗಲಿಲ್ಲ. ನಾವು ಗೋಲಿ ಆಡಿದ್ದು ಅದೇ ಗಲ್ಲೀಲಿ, ಬೆಳಿಗ್ಗೆ ಅಲ್ಲಿ ಯಾರು ಬರೋರು ಅಂತ ನಮಗೆ ಗೊತ್ತಿತ್ತು, ಮನೇಲಿ ಯಾರೂ ಅವರ ಹೆಸರು ಹೇಳ್ತಿರಲಿಲ್ಲ. ನಿಮ್ಮಜ್ಜಿ ಹೇಳಿದ್ದೆಲ್ಲ ಬರೆದಿಡಿ. ಯಾವ ಮನೆ ನೀರು ಕೊಡಲಿಲ್ಲ ಅನ್ನೋದನ್ನೂ ಬರೆದಿಡಿ. ನಮ್ಮ ಮನೇದಾಗಿದ್ರೂ ಸರಿ.

ದೂರದ ಮೈಸೂರಿಗ
ಮೆಲ್ಬರ್ನಿಂದ ಬರೀತಿದೀನಿ, ಇಲ್ಲಿ ರಾತ್ರಿ ಆಗಿದೆ, ಈ ಥ್ರೆಡ್ ಬಿಟ್ಟು ಮಲಗೋಕೆ ಮನಸ್ಸಿಲ್ಲ. ನಾವಿದ್ದದ್ದು ನಜರ್‌ಬಾದಲ್ಲಿ, ಶಾಲೆ ಬಿಟ್ಟ ಮೇಲೆ ಕಾರಂಜಿ ಕೆರೆ ಏರಿ ಮೇಲೆ ನಡ್ಕೊಂಡು ಹೋಗ್ತಿದ್ವಿ. ಈಗಿನ ಹುಡುಗರು ನೋಡ್ತಿರೋ ಕಾರಂಜಿ ಬೇರೆ, ಬೋಟಿಂಗು, ದೊಡ್ಡ ಪಕ್ಷಿ ಪಂಜರ, ಟಿಕೆಟ್ಟು. ಆವಾಗ ಕೊಳಚೆ ನೀರು ಸೇರಿ ನಾತ ಬರ್ತಿತ್ತು, ಮೂಗು ಮುಚ್ಕೊಂಡು ಓಡ್ತಿದ್ವಿ. ಮೃಗಾಲಯದವರು ಅದನ್ನ ಮತ್ತೆ ಕೆರೆ ಮಾಡಿದ್ದು ಸಣ್ಣ ಕೆಲಸ ಅಲ್ಲ. ಊರು ಬರೀ ಕೆಡ್ತಾ ಬಂತು ಅಂತ ನಾವು ವಯಸ್ಸಾದೋರು ಹೇಳ್ತಿರ್ತೀವಿ, ಕಾರಂಜಿ ನೋಡಿದ್ರೆ ಹಾಗೆ ಹೇಳೋಕಾಗಲ್ಲ.

ಇನ್ನೊಂದು, ರಾತ್ರಿ ಹಾಸಿಗೆಯಿಂದ ಕಿಟಕೀಲಿ ಬೆಟ್ಟದ ರೋಡಿನ ದೀಪಗಳು ಕಾಣೋವು, ಕತ್ತಲಲ್ಲಿ ಯಾರೋ ಮಲ್ಲಿಗೆ ಹಾರ ಇಳಿಬಿಟ್ಟ ಹಾಗೆ. ಕರೆಂಟ್ ಹೋಗಿದ್ರೆ ಬೆಟ್ಟದಲ್ಲಿ ಇದ್ಯಾ ನೋಡು ಅಂತ ಅಮ್ಮ ಹೇಳೋರು, ಅಲ್ಲಿದ್ರೆ ನಮ್ಮ ಬೀದೀದು ಮಾತ್ರ ಹೋಗಿದೆ ಅಂತ, ಅಲ್ಲೂ ಇಲ್ಲ ಅಂದ್ರೆ ಇವತ್ತಿಗೆ ಮುಗೀತು, ಓದೋದು ಬಿಟ್ಟು ಮಲ್ಕೊಳ್ಳಿ ಅಂತ. ಬೇರೆ ಯಾರ ಮನೇಲಾದ್ರೂ ಹೀಗೆ ಮಾಡ್ತಿದ್ರಾ?

ಯಾದವಗಿರಿ ಹುಡುಗಿ
ನಮ್ಮ ಮನೇಲೂ! ಟೆರೇಸ್ ಹತ್ತಿ ನೋಡಿ ಬಂದು ಹೇಳೋದು ನನ್ನ ಕೆಲಸ.

ಶುಕ್ರವಾರದಮ್ಮ
ನಂಗೆ ಟೈಪ್ ಮಾಡೋದು ನಿಧಾನ, ಮೊಮ್ಮಗಳು ಸಹಾಯ ಮಾಡ್ತಿದಾಳೆ. ನಾನು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚೋ ಹರಕೆ ಮಾಡಿರೋಳು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ, ಅತ್ತೆ ಹರಕೆ ಹೊತ್ತುಕೋ ಅಂದ್ರು. ನಾನು ನಮ್ಮ ತಂಗಿ ಇಬ್ರೂ, ಅವಳು ಅರಿಶಿನ ಇಡ್ತಾ ಬರೋದು ನಾನು ಹಿಂದೆ ಕುಂಕುಮ. ಮೊದಲಿಗೆ ಐದು ಬೆರಳಲ್ಲಿ ಇಡ್ತೀವಿ, ಅರ್ಧ ಬರೋ ಹೊತ್ತಿಗೆ ಸೊಂಟ ಬಿದ್ದು ಹೋಗುತ್ತೆ, ಎದ್ದು ನಿಲ್ಲೋಕಾಗಲ್ಲ, ಬಗ್ಗಿಕೊಂಡೇ ಮುಂದಿನ ಮೆಟ್ಟಿಲು. ಬೆವರಿಗೆ ಕುಂಕುಮ ಕರಗಿ ಮೊಣಕೈ ತನಕ ಕೆಂಪು. ನಂದಿ ಹತ್ರ ಬಂದಾಗ ಒಬ್ರು ಯಾರೋ ಗುರುತಿಲ್ಲದೋರು ಮಜ್ಜಿಗೆ ಕೊಟ್ರು, ಆ ಮಜ್ಜಿಗೆ ರುಚಿ ಇನ್ನೂ ಇದೆ. ಹರಕೆ ಹೊತ್ತ ಬೇರೆಯೋರೂ ಕಷ್ಟ ಸುಖ ಹೇಳ್ಕೊಂಡು ಒಟ್ಟಿಗೆ ಹತ್ತೋದು, ಯಾರ ಜಾತಿ ಏನು ಅಂತ ಯಾರೂ ಕೇಳ್ತಿರಲಿಲ್ಲ ಅವತ್ತು. ಮಗಳು ಹುಟ್ಟಿದಳು, ಈಗ ಇದು ಅವಳ ಮಗಳು.

ಈಗ ಕೆಲವರು ಮೆಟ್ಟಿಲು ಕೊಳಕಾಗುತ್ತೆ ಅಂತಾರೆ. ಪ್ಲಾಸ್ಟಿಕ್ ಕವರಲ್ಲಿ ತಂದು ಕವರ್ ಅಲ್ಲೇ ಬಿಸಾಕೋದು ತಪ್ಪು, ನಾನೂ ಒಪ್ತೀನಿ. ಡಬ್ಬೀಲಿ ತನ್ನಿ, ಡಬ್ಬಿ ಮನೆಗೆ ತಗೊಂಡು ಹೋಗಿ.

ಕಲ್ಲು ಮಣ್ಣು
ಅಜ್ಜಿ, ನಮಸ್ಕಾರ. ನಾನು ಮಾನಸಗಂಗೋತ್ರೀಲಿ ಭೂವಿಜ್ಞಾನ ಓದಿದೋನು, ಹಾಗಾಗಿ ಮೆಟ್ಟಿಲಿನ ಕೆಳಗಿರೋದ್ರ ಬಗ್ಗೆ ಹೇಳ್ತೀನಿ. ಇತಿಹಾಸ ಅಂದ್ರೆ ನಾವೆಲ್ಲ 17ನೇ ಶತಮಾನದಿಂದ ಶುರು ಮಾಡ್ತೀವಿ, ದೊಡ್ಡದೇವರಾಜ ಒಡೆಯರು ಮೆಟ್ಟಿಲು ಮಾಡಿಸಿದ್ದು, ನಂದಿ ಕೆತ್ತಿಸಿದ್ದು ಅಂತ. ಅದಕ್ಕೂ ಹಿಂದೆ ಇದು ಮಹಾಬಲಾದ್ರಿ, ಮೇಲಿರೋ ಮಹಾಬಲೇಶ್ವರನ ಗುಡಿ ಚಾಮುಂಡೇಶ್ವರಿ ಗುಡಿಗಿಂತ ಹಳೇದು. ಇವತ್ತು ಎಲ್ರೂ ಕಣ್ತುಂಬ ನೋಡೋ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಕಲ್ಲಿನ ವಯಸ್ಸು ಸುಮಾರು 80 ಕೋಟಿ ವರ್ಷ. ನಸುಗೆಂಪು ಗ್ರಾನೈಟು. ನಂದಿಯನ್ನ ಎಲ್ಲಿಂದಲೋ ತಂದು ಕೂರಿಸಿದ್ದಲ್ಲ, ಅಲ್ಲೇ ಇದ್ದ ಬಂಡೆಯನ್ನೇ ಕಡಿದಿದ್ದು, ಎತ್ತರ ಸುಮಾರು 16 ಅಡಿ. ಎಣ್ಣೆ ಬೆಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದೆ ಅಷ್ಟೇ, ಪಕ್ಕದ ಬಂಡೆ ನೋಡಿದ್ರೆ ಅದರ ನಿಜ ಬಣ್ಣ ಗೊತ್ತಾಗುತ್ತೆ.

ಬಂಡೆ ಗಟ್ಟಿ. ಅದರ ಮೇಲಿರೋ ಸವೆದ ಮಣ್ಣು ಗಟ್ಟಿ ಅಲ್ಲ. 2021ರ ಅಕ್ಟೋಬರ್ ಮಳೇಲಿ ನಂದಿ ರೋಡು ಕುಸೀತಲ್ಲ, ಜನ ದೇವಿ ಕೋಪ ಅಂದ್ರು. ನೀರಿಗೆ ಇಳಿಯೋಕೆ ಇದ್ದ ದಾರಿ ಮುಚ್ಚಿ, ಇಳಿಜಾರು ಕಡಿದು ರೋಡು ಮಾಡಿದ್ರೆ ಮಣ್ಣು ನೀರು ಕುಡಿದು ಭಾರವಾಗಿ ಜಾರುತ್ತೆ. ಮೇಲೆ ಕಾಂಕ್ರೀಟು ಜಾಸ್ತಿ ಆದಷ್ಟೂ ನೀರು ಇಂಗೋಕೆ ಜಾಗ ಇಲ್ಲ, ಎಲ್ಲಾ ಒಂದೇ ಕಡೆ ನುಗ್ಗುತ್ತೆ. ಮಲ್ಟಿಲೆವೆಲ್ ಪಾರ್ಕಿಂಗ್ ಆಯ್ತು, ರೋಪ್‌ವೇ ಮಾಡ್ತೀವಿ ಅಂದ್ರು, ಊರವರು ಗಲಾಟೆ ಮಾಡಿದ್ಮೇಲೆ 2022ರಲ್ಲಿ ಕೈಬಿಟ್ರು. ಮೇಲೆ ಇನ್ನು ಒಂದು ಚೂರೂ ಕಟ್ಟಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸಿದ್ಧಾರ್ಥ ಲೇಔಟ್
ಕಲ್ಲು ಮಣ್ಣು ಅಣ್ಣ, ರೋಪ್‌ವೇ ಬೇಡ ಅನ್ನೋದಕ್ಕೆ ನಾನೂ ಸಹಿ ಹಾಕಿದೋನು. ಆದ್ರೆ ಒಂದು ಮಾತು, ನಮ್ಮಮ್ಮನಿಗೆ ನಡೆಯೋಕಾಗಲ್ಲ, ಗಾಲಿ ಕುರ್ಚಿ. ಅವ್ರು ದೇವಿ ನೋಡಬೇಕು ಅಂದ್ರೆ ಕಾರು ಮೇಲಕ್ಕೆ ಹೋಗಲೇಬೇಕು, ನಿಲ್ಲಿಸೋಕೆ ಜಾಗ ಬೇಕು, ಶೌಚಾಲಯ ಬೇಕು. ಕಾಲು ಗಟ್ಟಿ ಇರೋರು ಏನೂ ಕಟ್ಟಬೇಡಿ ಅನ್ನೋದು ಸುಲಭ. ಮೇಲೆ ಹಳ್ಳಿಯಲ್ಲಿ ತಲೆತಲಾಂತರದಿಂದ ಇರೋ ಮನೆಯವರೂ ಇದಾರೆ, ಅವರ ಮಕ್ಕಳು ಒಂದು ರೂಮ್ ಹೆಚ್ಚಿಗೆ ಹಾಕ್ಕೋಬಾರದಾ?

ಕಲ್ಲು ಮಣ್ಣು
ನಿಮ್ಮ ಮಾತಲ್ಲಿ ನ್ಯಾಯ ಇದೆ. ಹಳ್ಳಿ ಮನೆಗೂ ವ್ಯಾಪಾರಕ್ಕೆ ಕಟ್ಟೋ ಕಾಂಪ್ಲೆಕ್ಸಿಗೂ ವ್ಯತ್ಯಾಸ ಇದೆ, ಅಲ್ಲಿ ಗೆರೆ ಎಳೀಬೇಕು. ಆಷಾಢ ಶುಕ್ರವಾರ ಹೇಗೆ ಮಾಡ್ತಾರೆ ನೋಡಿ, ಖಾಸಗಿ ಗಾಡಿ ಎಲ್ಲಾ ಲಲಿತಮಹಲ್ ಹೆಲಿಪ್ಯಾಡ್ ಹತ್ರ ನಿಲ್ಸಿ ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ. ಅದನ್ನೇ ಎಲ್ಲಾ ಶನಿವಾರ ಭಾನುವಾರವೂ ಮಾಡಲಿ, ಅಂಗವಿಕಲರ ಗಾಡಿಗೆ ಮಾತ್ರ ಮೇಲಕ್ಕೆ ಬಿಡಲಿ, ನಿಮ್ಮ ತಾಯಿ ಈಗಿಗಿಂತ ಸಲೀಸಾಗಿ ಹೋಗಿ ಬರ್ತಾರೆ. 201 ನಂಬರ್ ಬಸ್ಸು ಹೇಗಿದ್ರೂ ದಿನಾ ಓಡ್ತಿದೆ, ಗಾಲಿ ಕುರ್ಚಿ ಹತ್ತೋ ಹಾಗೆ ಮಾಡಿ ಇನ್ನೊಂದಷ್ಟು ಬಿಟ್ರೆ ಆಯ್ತು.

ಸಿದ್ಧಾರ್ಥ ಲೇಔಟ್
ಇದಕ್ಕೆ ನಂದು ಒಪ್ಪಿಗೆ ಇದೆ.

ಮಾರ್ಕೆಟ್ ಹುಡುಗ
ಯಾರೂ ಮಾರ್ಕೆಟ್ ಬಗ್ಗೆ ಹೇಳಲಿಲ್ಲ. ಮೇಲಿಂದ ದೇವರಾಜ ಮಾರ್ಕೆಟ್ ಗುರುತು ಹಿಡಿಯೋದು ಕಷ್ಟ, ದೊಡ್ಡ ಗಡಿಯಾರ ಹುಡುಕಿದ್ರೆ ಹೇಗೋ ಸಿಗುತ್ತೆ. ನಾಲ್ವಡಿಯವರ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು 1927ರಲ್ಲಿ ಕಟ್ಟಿಸಿದ್ದು ಅದು. ನಮ್ಮ ಮನೆಯವರು ವೀಳ್ಯದೆಲೆ ವ್ಯಾಪಾರ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಒಂದು ಭಾಗ ಕುಸಿದು ನಾಲ್ಕು ಜನ ಹೋದ್ರು, 2016ರಲ್ಲಿ ಮಾರ್ಕೆಟ್ಟಿನ ಒಂದು ಕಡೆ ಬಿತ್ತು, ಅವತ್ತಿಂದ ಕೆಡವಬೇಕಾ ಉಳಿಸಬೇಕಾ ಅಂತ ಬರೀ ಮಾತು. ಕಟ್ಟಡ ಪ್ರೀತಿಸೋರು ನಮ್ಮನ್ನ ಕೇಳಲ್ಲ, ಕೆಡವೋಣ ಅನ್ನೋರೂ ನಮ್ಮನ್ನ ಕೇಳಲ್ಲ. ಬೆಳಗಿನ ಜಾವ ಎಲೆ ಪೆಂಡಿ ಬಂದಾಗ ಮೊದಲು ಒಂದು ಎಲೆ ದೇವಿಗೆ ಅಂತ ಬೆಟ್ಟದ ಕಡೆ ತೋರಿಸಿ ಪಕ್ಕಕ್ಕಿಡೋದು ನಮ್ಮ ತಾತನ ಕಾಲದ ರೂಢಿ, ಈಗಲೂ ಮಾಡ್ತೀವಿ. ರಿಪೇರಿ ಮಾಡಿ ಅಲ್ಲೇ ವ್ಯಾಪಾರ ಮಾಡೋಕೆ ಬಿಡಿ, ಅಷ್ಟೇ ನಮಗೆ ಬೇಕಿರೋದು.

ಬೆಟ್ಟದಪಾದ
ಇಷ್ಟೆಲ್ಲ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಜೀವನರಾಯನಕಟ್ಟೆ ಬಂದ ತಕ್ಷಣ ವಸ್ತುಪ್ರದರ್ಶನ ಮೊದಲು ನಡೀತಿದ್ದದ್ದು ಆ ಕಡೆನೇ, ಮೆಡಿಕಲ್ ಕಾಲೇಜ್ ಹತ್ರ, ದೊಡ್ಡಕೆರೆಗೆ ಹೋಗಿದ್ದು ಆಮೇಲೆ, ಅದನ್ನ ಸೇರಿಸು ಅಂದ್ರು. ಸೇರಿಸಿದೀನಿ.

ಒಂದು ಕೆಲಸ ಮಾಡೋಣ. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಪಾದದ ಹತ್ರ ಸೇರೋಣ, ಬರೋಕಾಗೋರು ಬನ್ನಿ. ಮರ ಬಿಟ್ಟುಕೊಡೋ ಕಡೆಗಳಲ್ಲಿ ನಿಂತು ಫೋಟೋ ತೆಗೆದು, ಅದರ ಮೇಲೆ ಒಂದೊಂದೇ ಜಾಗ ಗುರುತು ಹಾಕೋಣ, ಕೆರೆಗಳು, ಗಲ್ಲಿಗಳು, ಜಾವಾ ಫ್ಯಾಕ್ಟರಿ, ನಂಜನಗೂಡು ಲೈನು, ಎಲ್ಲಾ. ಹತ್ತೋಕಾಗದೇ ಇರೋ ಹಿರಿಯರನ್ನ ಗಾಡೀಲಿ ರೋಡಿನ ವ್ಯೂ ಪಾಯಿಂಟಿಗೆ ಕರ್ಕೊಂಡು ಬನ್ನಿ, ನಾವು ಮೇಲೆ ಹತ್ತಿ ಅಲ್ಲಿಗೆ ಬರ್ತೀವಿ. ಅಪ್ಪನನ್ನ ನಾನು ಕರ್ಕೊಂಡು ಬರ್ತೀನಿ. ಜ್ಯೋತಿನಗರ ಮೇಡಂ, ನಿಮ್ಮಜ್ಜಿ ಗಲ್ಲಿಗಳ ನಕ್ಷೆ ನಿಮ್ಮ ಕೈಯಲ್ಲೇ ಹಾಕಿಸಬೇಕು ಅಂತ ನನ್ನಾಸೆ, ನೀವು ಬಂದ್ರೆ ಮಾತ್ರ.

ಜ್ಯೋತಿನಗರ ಅಲ್ಲ ಆಚೆ
ಬರ್ತೀನಿ. ನಮ್ಮ ದೊಡ್ಡಮ್ಮನೂ ಬರ್ತಾರೆ, ಅವರೂ ಸ್ವಲ್ಪ ದಿನ ಅಜ್ಜಿ ಜೊತೆ ಹೋಗಿದೋರು, ನನಗಿಂತ ಅವ್ರಿಗೇ ಚೆನ್ನಾಗಿ ಗೊತ್ತು.

ಶುಕ್ರವಾರದಮ್ಮ
ನಾನು ವ್ಯೂ ಪಾಯಿಂಟಿಗೆ ಬರ್ತೀನಿ. ಮಜ್ಜಿಗೆ ನಂದು. ಲೋಟ ನೀವೇ ತನ್ನಿ, ಪೇಪರ್ ಕಪ್ ಬೇಡ.